ಮೇಸ್ತ್ರಿ ಮುಟ್ಟಬೇಡ ಅಂದಿದ್ದ ಸ್ಕ್ರೂ

ಗುರುವಾರ ಬೆಳಿಗ್ಗೆ ಗುಬ್ಬಿ ಪಿಸ್ತೂಲಿನ ಪೆಟ್ಟಿಗೆಯನ್ನು ತಂದು ಊಟದ ಮೇಜಿನ ಮೇಲಿಟ್ಟಾಗ ಮೇಸ್ತ್ರಿ ಪೇಪರಿನ ಪದಬಂಧದ ಜೊತೆ ಜಗಳವಾಡುತ್ತಿದ್ದರು. ಗುಬ್ಬಿ ಅವರ ತಮ್ಮನ ಮಗಳು. ಮೂವತ್ತೊಂದು ವರ್ಷದ, ಒಂದು ಮಗುವಿನ ತಾಯಿ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಊರವರ ಹಲ್ಲಿನ ಕೊಳೆ ಕೆರೆಯುವ ಕೆಲಸ. ಇಷ್ಟೆಲ್ಲಾ ಆದರೂ ದೊಡ್ಡಪ್ಪನ ಬಾಯಲ್ಲಿ ಅವಳು ಇನ್ನೂ ಗುಬ್ಬಿಯೇ.

“ಇದನ್ನ ಕ್ಲಬ್ಬಿಗೆ ವಾಪಸ್ ಕೊಡ್ತಿದ್ದೀನಿ ದೊಡ್ಡಪ್ಪ,” ಅಂದಳು.

“ಭಾನುವಾರ ತಂಡಕ್ಕೆ ಆರಿಸೋ ಪಂದ್ಯ ಅಲ್ವೇನೇ?”

“ನಾನು ಹೋಗಲ್ಲ. ಕೈ ಹೋಯ್ತು ನಂದು. ಎಲ್ಲರಿಗೂ ಗೊತ್ತಿರೋದೇ, ನೀವೊಬ್ರು ಕೇಳಿಲ್ಲ ಅಷ್ಟೆ.”

ಮೇಸ್ತ್ರಿ ಕೇಳಿರದಿದ್ದುದಕ್ಕೆ ಕಾರಣವಿತ್ತು. ಇಪ್ಪತ್ತೆಂಟು ವರ್ಷ ಆ ಶೂಟಿಂಗ್ ಕ್ಲಬ್ಬಿನ ಬಂದೂಕುಗಳನ್ನೆಲ್ಲ ರಿಪೇರಿ ಮಾಡಿದವರು ಅವರು. ಕಣ್ಣಿನ ಆಪರೇಷನ್ ಆಗಿ ಎರಡು ತಿಂಗಳು ಮನೆಯಲ್ಲಿದ್ದಾಗ ಕ್ಲಬ್ಬಿನವರು ಅವರನ್ನು ಒಂದು ಮಾತೂ ಕೇಳದೆ ಬೇರೆ ಮೆಕ್ಯಾನಿಕ್‌ನನ್ನು ತಂದು ಕೂರಿಸಿಬಿಟ್ಟರು. ಅಂದಿನಿಂದ ಎರಡು ವರ್ಷ ಮೇಸ್ತ್ರಿ ಆ ರಸ್ತೆಯಲ್ಲೇ ನಡೆದಿಲ್ಲ. ಹಾಲು ತರಲು ಸುತ್ತು ಬಳಸಿ ಹೋಗುತ್ತಾರೆ. ಮನೆಯಲ್ಲಿ ಯಾರಾದರೂ ಕ್ಲಬ್ಬಿನ ಹೆಸರೆತ್ತಿದರೆ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಡುತ್ತಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ.

ಗುಬ್ಬಿಯ ಆಟ ತಗಡು ಬೀಳಿಸುವ ಆಟ. ಎದುರಿಗೆ ಐದು ಉಕ್ಕಿನ ತಗಡು ನಿಲ್ಲಿಸಿರುತ್ತಾರೆ. ಬಜರ್ ಕೂಗಿದ ತಕ್ಷಣ ಐದನ್ನೂ ಹೊಡೆದು ಉರುಳಿಸಬೇಕು, ಯಾರು ಬೇಗ ಮುಗಿಸುತ್ತಾರೋ ಅವರದ್ದು ಗೆಲುವು. ಎರಡೂವರೆ ವರ್ಷದ ಹಿಂದೆ ಅವಳು ಐದನ್ನೂ ಮೂರು ಸೆಕೆಂಡಿನೊಳಗೆ ಮಲಗಿಸಿದ್ದಳು. ಆ ದಿನ ಕ್ಲಬ್ಬಿನಲ್ಲಿ ಚಪ್ಪಾಳೆ ಹೊಡೆಯದವರೆಂದರೆ ಆ ತಗಡುಗಳು ಮಾತ್ರ. ಆಮೇಲೆ ಬಸಿರು, ಬಾಣಂತನ, ಅದು ಮುಗಿದು ವಾಪಸ್ ಬಂದ ತಿಂಗಳಲ್ಲೇ ಸ್ಕೂಟರಿನಿಂದ ಬಿದ್ದು ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಮೂಳೆ ಕೂಡಿತು, ಕೈ ಕೂಡಿಬರಲಿಲ್ಲ. ಒಂದು ವರ್ಷದಿಂದ ನಾಲ್ಕು ಸೆಕೆಂಡಿನ ಹತ್ತಿರವೇ ಒದ್ದಾಟ.

“ಒಂದು ಗುಂಡು ಹೊಡೆದ್ರೆ ಮೂತಿ ಮೇಲಕ್ಕೆ ಹಾರತ್ತೆ, ಬಲಕ್ಕೂ ಎಳೆಯತ್ತೆ. ಅದನ್ನ ಕೆಳಗೆ ತರೋ ಹೊತ್ತಿಗೆ ಪಕ್ಕದವಳು ಎರಡನೇ ತಗಡು ಬೀಳಿಸಿರ್ತಾಳೆ. ಕೋಚ್ ಹೇಳಿದ್ರು, ಮುರಿದ ಕೈ ಇಷ್ಟೇ ಅಂತ.”

“ಪಿಸ್ತೂಲು ನೋಡಿಸ್ಲಿಲ್ವಾ?”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಗೆ ಅನ್ನಿಸ್ಕೊಳ್ಳೋಕೆ ನಂಗಿಷ್ಟ ಇಲ್ಲ. ದಿನಾ ನಳಿಗೆ ಒರೆಸ್ತೀನಿ, ಎಣ್ಣೆ ಹಾಕ್ತೀನಿ. ನೀವು ಕಲಿಸಿದ್ದನ್ನ ಒಂದಿನಾನೂ ತಪ್ಪಿಸಿಲ್ಲ.” ಪೆಟ್ಟಿಗೆ ತೆಗೆದು, ಪಿಸ್ತೂಲಿನಲ್ಲಿ ಗುಂಡಿಲ್ಲವೆಂದು ತೋರಿಸಿ ಅವರ ಮುಂದಿಟ್ಟಳು. “ವಾಪಸ್ ಕೊಡುವಾಗ ಪೂರ್ತಿ ಬಿಚ್ಚಿ ತೊಳೆದು ಕೊಡ್ಬೇಕಂತೆ. ಹೊಸ ಮೆಕ್ಯಾನಿಕ್ ಕಾಂಪ್ ಮಾತ್ರ ಮುಟ್ಟಲ್ಲ ಅಂದ. ಮೇಸ್ತ್ರಿ ಚುಕ್ಕೆ ಇದೆ, ಅವರೇ ಬಿಚ್ಚಲಿ ಅಂದ.”

ಕಾಂಪ್ ಅಂದರೆ ಕಾಂಪೆನ್ಸೇಟರ್. ನಳಿಗೆಯ ತುದಿಗೆ ಸಿಕ್ಕಿಸುವ ಹೆಬ್ಬೆಟ್ಟಿನಷ್ಟು ಉದ್ದದ ಉಕ್ಕಿನ ತುಂಡು. ಅದರ ನೆತ್ತಿಯಲ್ಲಿ ಎರಡು ಸಾಲು ತೂತು. ಗುಂಡಿನ ಹಿಂದೆ ನುಗ್ಗಿ ಬರುವ ಬಿಸಿ ಹೊಗೆ ಆ ತೂತುಗಳಿಂದ ಮೇಲಕ್ಕೆ ಚಿಮ್ಮುತ್ತದೆ, ಅದರ ಒತ್ತಡಕ್ಕೆ ಪಿಸ್ತೂಲಿನ ಮೂತಿ ಹಾರದೆ ತಗ್ಗಿ ನಿಲ್ಲುತ್ತದೆ. ಅದನ್ನು ಹಿಡಿದಿಡುವ ಎರಡು ಪುಟ್ಟ ಸ್ಕ್ರೂಗಳ ತಲೆ ಮೇಲೆ ಮೇಸ್ತ್ರಿ ಕೆಂಪು ಬಣ್ಣದ ಚುಕ್ಕೆ ಇಡುತ್ತಿದ್ದರು. ಯಾರಾದರೂ ಸ್ಕ್ರೂ ತಿರುಗಿಸಿದರೆ ಚುಕ್ಕೆ ಒಡೆದು ಗುಟ್ಟು ರಟ್ಟಾಗುತ್ತಿತ್ತು. ಇಷ್ಟು ವರ್ಷವಾದರೂ ತನ್ನ ಚುಕ್ಕೆಗೆ ಕ್ಲಬ್ಬಿನಲ್ಲಿ ಬೆಲೆಯಿದೆ ಎಂದು ಕೇಳಿ ಮೇಸ್ತ್ರಿ ಒಳಗೊಳಗೇ ಉಬ್ಬಿಹೋದರು. ಆ ಮೆಕ್ಯಾನಿಕ್ ಹುಡುಗ ಅಷ್ಟೇನೂ ಕೆಟ್ಟವನಿರಲಿಕ್ಕಿಲ್ಲ ಎಂದೂ ಅನ್ನಿಸಿತು.

“ಸಂಜೆ ಕ್ಲಿನಿಕ್ ಮುಗಿಸ್ಕೊಂಡು ಬರ್ತೀನಿ, ಅಷ್ಟರಲ್ಲಿ ಮಾಡಿಡಿ,” ಎಂದು ಗುಬ್ಬಿ ಹೊರಟಳು. ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುವಾಗ ಒಂದು ಸಲ ಪಿಸ್ತೂಲಿನ ಕಡೆ ತಿರುಗಿ ನೋಡಿದಳು. ಆ ನೋಟ ಕಂಡು ಮೇಸ್ತ್ರಿ ಪದಬಂಧ ಮಡಚಿಟ್ಟರು.

ಅವರು ಹಿಂದಿನ ಕೋಣೆಯ ಕಿಟಕಿ ತೆರೆದರು, ಹಳೆ ಬೆಡ್‌ಶೀಟ್ ಹಾಸಿದರು, ಕೈಗವಸು ತೊಟ್ಟರು. ಚುಕ್ಕೆ ಕೆರೆದು ಸ್ಕ್ರೂ ತಿರುಗಿಸಿದರೆ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಎರಡು ಹನಿ ಎಣ್ಣೆ ಬಿಟ್ಟು ಕಾದರು, ಹೇರ್ ಡ್ರೈಯರ್ ತಂದು ಬಿಸಿ ಮಾಡಿದರು. ಅರ್ಧ ಗಂಟೆಯ ಮೇಲೆ ಸ್ಕ್ರೂಗಳು ಬಂದವು. ಕಾಂಪ್ ಅನ್ನು ಚರ್ಮದ ತುಂಡಿನಲ್ಲಿ ಸುತ್ತಿ ಹಿಡಿದು ತಿರುಗಿಸಿ ತಿರುಗಿಸಿ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದರು.

ಬೆಳಕು ಬರಲಿಲ್ಲ. ಬಲಗಡೆಯ ತೂತುಗಳು ಪೂರ್ತಿ ಮುಚ್ಚಿಹೋಗಿದ್ದವು. ಎಡಗಡೆಯವು ಸೂಜಿ ತೂರುವಷ್ಟು ಮಾತ್ರ ಉಳಿದಿದ್ದವು. ಒಳಗೋಡೆಯ ತುಂಬ ಸೀಸ ಬೆರೆತ ಕರಿ ಕಿಟ್ಟ, ತಳ ಹಿಡಿದ ಪಾತ್ರೆಯ ಹಾಗೆ ಪದರದ ಮೇಲೆ ಪದರ ಕಟ್ಟಿ ಕಲ್ಲಾಗಿತ್ತು. ಹೊಗೆಗೆ ಮೇಲೆ ಹೋಗಲು ದಾರಿಯೇ ಇರಲಿಲ್ಲ. ಇನ್ನು ಮೂತಿ ಹಾರದೆ ಏನು ಮಾಡುತ್ತದೆ? ಎಡಕ್ಕೆ ಮಾತ್ರ ಒಂಚೂರು ಉಗುಳಿದರೆ ಬಲಕ್ಕೆ ಎಳೆಯದೆ ಏನು ಮಾಡುತ್ತದೆ? ಗುಬ್ಬಿಯ ಕೈಗೆ ಏನೂ ಆಗಿರಲಿಲ್ಲ. ಗಾದೆಯವರು ಏನಾದರೂ ಹೇಳಿಕೊಳ್ಳಲಿ, ಇಲ್ಲಿ ನೆಲವೇ ಡೊಂಕಾಗಿತ್ತು.

ಮೇಸ್ತ್ರಿಗೆ ಕುಣಿದಾಡುವಷ್ಟು ಖುಷಿಯಾಯಿತು. ಮೂರು ನಿಮಿಷ ಆ ಖುಷಿ ಇತ್ತು. ಆಮೇಲೆ, ಇದನ್ನು ಯಾರೂ ಯಾಕೆ ಬಿಚ್ಚಿ ನೋಡಲಿಲ್ಲ ಎಂಬ ಪ್ರಶ್ನೆ ಬಂತು. ಉತ್ತರ ಕೆರೆದ ಕೆಂಪು ಬಣ್ಣವಾಗಿ ಅವರ ಕೈಗವಸಿನ ತುದಿಯಲ್ಲೇ ಕೂತಿತ್ತು.

ಆ ಮೂರು ಸೆಕೆಂಡಿನ ದಿನ ಇಡೀ ಕ್ಲಬ್ಬಿನೆದುರು ಎದೆಯುಬ್ಬಿಸಿ ಅವರು ಹೇಳಿದ್ದರು, “ಈ ಕಾಂಪ್ ಕೂರಿಸಿದ್ದು ನಾನು. ಇನ್ನು ನಾನಿಲ್ಲದೆ ಇದರ ಸ್ಕ್ರೂ ಯಾರೂ ಮುಟ್ಟಬಾರದು. ನೀನೂ ಮುಟ್ಟಬೇಡ ಕಣೇ.” ಪ್ರತಿ ಸಾವಿರ ಗುಂಡಿಗೊಮ್ಮೆ ಅವರೇ ಬಿಚ್ಚಿ ತೊಳೆಯುತ್ತಿದ್ದರು. ಆಮೇಲೆ ಮುನಿಸಿಕೊಂಡು ಮನೆ ಸೇರಿದರು. ಮಾತು ಮಾತ್ರ ಅಲ್ಲೇ ಕಾವಲು ನಿಂತಿತ್ತು. ದೊಡ್ಡಪ್ಪ ಹೇಳಿದ್ದಾರೆ ಎಂದು ಅವಳು ಮುಟ್ಟಲಿಲ್ಲ, ಮೇಸ್ತ್ರಿ ಚುಕ್ಕೆ ಇದೆ ಎಂದು ಮೆಕ್ಯಾನಿಕ್ ಮುಟ್ಟಲಿಲ್ಲ. ಮಣಿಕಟ್ಟು ಬೇರೆ ಮುರಿದಿತ್ತಲ್ಲ, ಎಲ್ಲರಿಗೂ ದೂರಲು ಅದೊಂದು ಸಿಕ್ಕಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಮೇಸ್ತ್ರಿಯ ಹೆಂಡತಿ ಕಾಫಿ ತಂದಿಟ್ಟು ಗಂಡನ ಮುಖ ನೋಡಿದರು. “ಏನ್ರೀ, ದೆವ್ವ ನೋಡಿದೋರ ಹಾಗೆ ಕೂತಿದ್ದೀರಿ?”

ಮೇಸ್ತ್ರಿ ಎಲ್ಲ ಹೇಳಿದರು. ಹೇಳಿ ಮುಗಿಸಿ, “ಸಂಜೆಯೊಳಗೆ ತೊಳೆದು ಫಳಫಳ ಅನ್ನಿಸಿಬಿಡ್ತೀನಿ. ಒಂದ್ಸಲ ಹೊಡೆದು ನೋಡು ಅಂತೀನಿ. ಸರಿಹೋದ್ರೆ ಕೈ ತಾನಾಗೇ ಸರಿ ಆಯ್ತು ಅಂದ್ಕೋತಾಳೆ. ಅವಳಿಗೂ ಖುಷಿ,” ಅಂದರು.

“ನಿಮಗೂ ಮರ್ಯಾದೆ ಉಳೀತು.”

“ನಾನು ಹಾಗೆ ಹೇಳಿದ್ನಾ?”

“ಹೇಳ್ಬೇಕಾ? ನಲವತ್ತು ವರ್ಷದಿಂದ ನಿಮ್ಮ ಜೊತೆ ಇದ್ದೀನಿ.” ಆಕೆ ಲೋಟವನ್ನು ಹತ್ತಿರ ಸರಿಸಿದರು. “ಆ ಹುಡುಗಿ ಮಗೂನ ಬಲಗೈಲಿ ಎತ್ಕೊಳ್ಳಲ್ಲ, ಗೊತ್ತಾ? ಕೈ ಜಾರಿ ಬೀಳ್ಸಿಬಿಡ್ತೀನೇನೋ ಅಂತ ಹೆದರ್ತಾಳೆ. ಕೈ ತಾನಾಗೇ ಸರಿ ಆಯ್ತು ಅಂದ್ರೆ, ತಾನಾಗೇ ಮತ್ತೆ ಹೋಗ್ಲೂಬಹುದು ಅಂತ ಹೆದರ್ತಾನೇ ಇರ್ತಾಳೆ. ಕಾಫಿ ಆರತ್ತೆ, ಕುಡೀರಿ.”

ಮೇಸ್ತ್ರಿ ಕುಡಿಯಲಿಲ್ಲ. ಕಾಂಪ್ ಅನ್ನು ಕಿಟ್ಟ ಬಿಡಿಸುವ ದ್ರಾವಣದ ಡಬ್ಬಿಯಲ್ಲಿ ಮುಳುಗಿಸಿಟ್ಟರು. ಎರಡು ಗಂಟೆ ನೆನೆದ ಮೇಲೆ ಹಿತ್ತಾಳೆ ಬ್ರಷ್ ಹಾಕಿ ತಿಕ್ಕಿದರು, ಚೂಪು ಕಡ್ಡಿಯಿಂದ ಒಂದೊಂದೇ ತೂತನ್ನು ಒದ್ದೆಯಿರುವಾಗಲೇ ಬಿಡಿಸಿದರು. ಒಣಗಿಸಿ ಕೆರೆದರೆ ಸೀಸದ ಧೂಳು ಮೂಗಿಗೆ ಏರುತ್ತದೆ. ಎಡಗಡೆಯ ಸಾಲು ಮುಗಿಯಿತು, ತೂತುಗಳು ಬೆಳ್ಳಗೆ ನಕ್ಕವು. ಬಲಗಡೆಗೆ ಕಡ್ಡಿ ಇಟ್ಟವರು ಹಾಗೇ ನಿಲ್ಲಿಸಿದರು. ಇದನ್ನೂ ಕೆರೆದುಬಿಟ್ಟರೆ ತೋರಿಸಲು ಏನೂ ಉಳಿಯುವುದಿಲ್ಲ. ಸಂಜೆಯ ಹೊತ್ತಿಗೆ ತನ್ನ ಬಾಯಿ ಮಾತು ಬದಲಿಸಬಹುದು, ಕಿಟ್ಟ ಬದಲಿಸುವುದಿಲ್ಲ. ಅವರು ಕಡ್ಡಿ ಕೆಳಗಿಟ್ಟು, ಕೈ ತೊಳೆದುಕೊಂಡು, ಸಂಜೆಯವರೆಗೂ ಗುಬ್ಬಿಗಾಗಿ ಕಾದರು.

ಗುಬ್ಬಿ ಬಂದಾಗ ಮೇಸ್ತ್ರಿ ಪೀಠಿಕೆ ಏನೂ ಹಾಕಲಿಲ್ಲ. ಕಾಂಪ್ ಅನ್ನು ಅವಳ ಅಂಗೈಗೆ ಇಟ್ಟು ಹೇಳಿದರು, “ಒಂದು ಸಾಲು ಬಿಡಿಸಿದ್ದೀನಿ, ಒಂದು ಹಾಗೇ ಇದೆ. ಬೆಳಿಗ್ಗೆ ಎರಡೂ ಹೆಚ್ಚುಕಮ್ಮಿ ಹೀಗೇ ಇತ್ತು. ನಿನ್ನ ಕೈ ಚೆನ್ನಾಗಿದೆ ಕಣೇ. ಹಾಳಾಗಿದ್ದು ನನ್ನ ಮಾತು. ಮುಟ್ಟಬೇಡ ಅಂದೋನು ನಾನು, ಮುಟ್ಟದೆ ಮನೇಲಿ ಕೂತೋನೂ ನಾನೇ.”

ಅವಳು ಅದನ್ನು ಬೆಳಕಿಗೆ ಹಿಡಿದಳು, ತಿರುಗಿಸಿದಳು, ಮತ್ತೆ ಹಿಡಿದಳು. ಮುಖ ಕೆಂಪಾಯಿತು.

“ಒಂದು ವರ್ಷ, ದೊಡ್ಡಪ್ಪ,” ಅಂದಳು. “ಒಂದು ವರ್ಷ ದಿನಾ ಬೆಳಿಗ್ಗೆ ನೀರಿನ ಬಾಟಲಿ ಎತ್ತಿದ್ದೀನಿ, ಚೆಂಡು ಹಿಸುಕಿದ್ದೀನಿ. ಗಂಡನ ಹತ್ರ ಅತ್ತಿದ್ದೀನಿ. ನೀವು ಎರಡು ಬೀದಿ ಆಚೆ ಪದಬಂಧ ಬಿಡಿಸ್ತಾ ಕೂತಿದ್ರಿ.”

“ಹೌದು.”

“ನಂಗೆ ನಿಮ್ಮ ಮೇಲೆ ಎಷ್ಟು ಸಿಟ್ಟು ಬರ್ತಿದೆ ಗೊತ್ತಾ?”

“ಬರ್ಲಿ. ಬರ್ಬೇಕಾದ್ದೇ.”

ಗುಬ್ಬಿ ಕೂತು ಅತ್ತಳು. ದೊಡ್ಡಮ್ಮ ಬೆನ್ನು ಸವರಿದರು. ಮೇಸ್ತ್ರಿ ಮುಖ ತಿರುಗಿಸಿ ಕೂರಲಿಲ್ಲ, ಬಚ್ಚಲಿಗೂ ಹೋಗಲಿಲ್ಲ, ಅವರ ಮಟ್ಟಿಗೆ ಅದೇ ದೊಡ್ಡದು. ಅತ್ತು ಮುಗಿದ ಮೇಲೆ ಅವಳು ಮೂಗು ಒರೆಸಿಕೊಂಡು, ಕಿಟ್ಟ ಕಟ್ಟಿದ ಸಾಲನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಕೈಚೀಲಕ್ಕೆ ಕೈ ಹಾಕಿ ಬಗ್ಗಿದ ಮೊನೆಯ ಒಂದು ಸಲಕರಣೆ ತೆಗೆದಳು. ಹಲ್ಲು ಕೆರೆಯುವುದು, ಮೊನೆ ಸವೆದು ಕ್ಲಿನಿಕ್ಕಿನಲ್ಲಿ ತೆಗೆದು ಹಾಕಿದ್ದು.

“ನಿಮ್ಮ ಕಡ್ಡೀಲಿ ಕೆರೆದ್ರೆ ಭಾನುವಾರ ಅಲ್ಲ, ಬರೋ ವರ್ಷ ಮುಗಿಯತ್ತೆ. ಸರೀರಿ ಆಚೆ.”

“ಗುಂಡು ಹೊರಗೆ ಬರೋ ಬಾಯಿಯ ಅಂಚಿಗೆ ತಾಗಿಸ್ಬೇಡ. ಅಲ್ಲಿ ಗೀರು ಬಿದ್ರೆ ಗುಂಡು ಓರೆ ಹೋಗತ್ತೆ.”

“ಒಸಡಿಗೆ ತಾಗಿಸ್ದೆ ದಿನಕ್ಕೆ ಹತ್ತು ಬಾಯಿ ತೊಳೀತೀನಿ, ದೊಡ್ಡಪ್ಪ. ಅವರೆಲ್ಲ ಅಲ್ಲಾಡ್ತಾರೆ, ಇದು ಸುಮ್ನೆ ಕೂತಿದೆ.”

ಕೈಗವಸು ತೊಟ್ಟು, ದ್ರಾವಣದಲ್ಲಿ ಅದ್ದಿ ಅದ್ದಿ ಕೆರೆದು ಒಂದು ಗಂಟೆಯಲ್ಲಿ ಮುಗಿಸಿದಳು. ಮೇಸ್ತ್ರಿ ಇಡೀ ದಿನದಲ್ಲಿ ಮಾಡಿದ್ದಕ್ಕಿಂತ ಚೊಕ್ಕವಾಗಿತ್ತು, ಅವರಿಗೆ ಒಂಚೂರು ಹೊಟ್ಟೆ ಉರಿಯಿತು ಕೂಡ. ಕಾಂಪ್ ಹೇಗೆ ಕೂರಿಸಬೇಕು, ನಳಿಗೆಯೊಳಗೆ ಹಿತ್ತಾಳೆ ಸರಳು ತೂರಿಸಿ ಅದು ಎಲ್ಲೂ ತಾಗದೆ ಹೊರಬರುತ್ತದೆಯೇ ಎಂದು ಹೇಗೆ ನೋಡಬೇಕು, ಸ್ಕ್ರೂ ಎಷ್ಟು ಬಿಗಿಯಬೇಕು, ಎಲ್ಲವನ್ನೂ ಹೇಳಿಕೊಟ್ಟರು. ಎಲ್ಲವನ್ನೂ ಅವಳ ಕೈಯಲ್ಲೇ ಮಾಡಿಸಿದರು.

ಶುಕ್ರವಾರ ಬೆಳಿಗ್ಗೆ ಮೇಸ್ತ್ರಿ ಎರಡು ವರ್ಷದ ಮೇಲೆ ಕ್ಲಬ್ಬಿನ ಗೇಟು ದಾಟಿದರು. ಹೊಸ ಮೆಕ್ಯಾನಿಕ್ ಎದ್ದು ಕುರ್ಚಿ ಕೊಟ್ಟ. ಮೇಸ್ತ್ರಿ ಕೂರಲಿಲ್ಲ, ಕಿವಿಗೆ ಮುಚ್ಚಳ ಹಾಕಿಕೊಂಡು ಗುಬ್ಬಿಯ ಹಿಂದೆ ನಿಂತರು.

ಬಜರ್ ಕೂಗಿತು. ಮೊದಲ ತಗಡು ಬಿತ್ತು. ಉಳಿದ ನಾಲ್ಕೂ ಅಲ್ಲಾಡದೆ ನಿಂತಿದ್ದವು. ನಾಲ್ಕು ಗುಂಡುಗಳೂ ತಗಡಿನ ಕೆಳಗೆ ಮಣ್ಣು ಹಾರಿಸಿದ್ದವು.

ಗುಬ್ಬಿ ಪಿಸ್ತೂಲು ಖಾಲಿ ಮಾಡಿ ಮೇಜಿನ ಮೇಲಿಟ್ಟಳು. ಅವಳ ಭುಜ ಇಳಿದುಹೋಯಿತು. “ನೋಡಿದ್ರಾ? ಕಿಟ್ಟ ಅಲ್ಲ ದೊಡ್ಡಪ್ಪ. ನಾನೇ.”

ಮೇಸ್ತ್ರಿ ಆ ಮಣ್ಣಿನ ಗುರುತುಗಳನ್ನೇ ನೋಡುತ್ತಿದ್ದರು. ಒಂದೂ ಮೇಲೆ ಹೋಗಿರಲಿಲ್ಲ, ಒಂದೂ ಬಲಕ್ಕೆ ಹೋಗಿರಲಿಲ್ಲ. ನಾಲ್ಕೂ ನೇರ ಕೆಳಗೆ, ಒಂದೇ ಅಳತೆಯಲ್ಲಿ. ಅವರ ಕಣ್ಣು ತುಂಬಿಬಂತು.

“ನೀನೇ ಕಣೇ, ನೀನೇ,” ಅಂದರು. “ಒಂದು ಗುಂಡು ಹಾರಿದ ಮೇಲೆ ಮೂತೀನ ಕೆಳಗೆ ಒತ್ತಿ ಹಿಡಿಯೋದು ಕಾಂಪ್ ಕೆಲಸ. ಒಂದು ವರ್ಷದಿಂದ ಆ ಕೆಲಸಾನೂ ನಿನ್ನ ಮಣಿಕಟ್ಟೇ ಮಾಡಿದೆ. ಈಗ ಕಾಂಪೂ ಒತ್ತತ್ತೆ, ನೀನೂ ಒತ್ತುತ್ತೀಯ, ಗುಂಡು ಮಣ್ಣಿಗೆ ಹೋಗದೆ ಎಲ್ಲಿಗೆ ಹೋಗತ್ತೆ? ಯಾವ ಕೈ ಹೋಯ್ತು ಅಂದ್ರೋ, ಅದು ಎರಡು ಕೈ ಕೆಲಸ ಮಾಡ್ತಿತ್ತು.”

ಗುಬ್ಬಿ ಮಣ್ಣಿನ ಕಡೆ ನೋಡಿದಳು. ಆಮೇಲೆ ತನ್ನ ಬಲಗೈಯನ್ನು ಮುಖದ ಮುಂದೆ ಹಿಡಿದು, ಬೇರೆ ಯಾರದ್ದೋ ಕೈಯನ್ನು ನೋಡುವಂತೆ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಬೆರಳು ಮುಚ್ಚಿದಳು, ಬಿಚ್ಚಿದಳು. ಅವಳಿಗೆ ನಗು ಬಂತು.

ಎರಡನೇ ಸಲ ಬಜರ್ ಕೂಗಿದಾಗ ಹಿಡಿತ ಒಂಚೂರು ಸಡಿಲಿಸಿದಳು. ಮೂರು ತಗಡು ಬಿದ್ದವು. ಮೂರನೇ ಸಲ ನಾಲ್ಕು. ನಾಲ್ಕನೇ ಸಲ ಐದೂ ಒಂದರ ಹಿಂದೊಂದು ಠಣಠಣ ಉರುಳಿದವು. ಮೂರು ಸೆಕೆಂಡಿಗೆ ಇನ್ನೂ ಸ್ವಲ್ಪ ದೂರವೇ ಇತ್ತು. ಮೆಕ್ಯಾನಿಕ್ ಟೈಮ್ ಓದಿ ಹೇಳಿದ, ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ.

“ಭಾನುವಾರಕ್ಕೆ ಇನ್ನೂ ಎರಡು ದಿನ ಇದೆ,” ಎಂದು ಮತ್ತೆ ಗುಂಡು ತುಂಬತೊಡಗಿದಳು. “ಅಷ್ಟರೊಳಗೆ ಈ ಕೈಗೆ ಒಂಚೂರು ಸೋಮಾರಿತನ ಕಲಿಸ್ಬೇಕು, ದೊಡ್ಡಪ್ಪ.”