ಪಾದದ ಕಡೆಯ ಹಗ್ಗ

"ಇದನ್ನ ನೀನೇ ಇಟ್ಕೋ," ಎಂದು ಡೋಡ್ ಆ ಚಿಕ್ಕ ಕಾರ್ಡನ್ನು ಅಡುಗೆಮನೆಯ ಮೇಜಿನ ಮೇಲೆ ಎಸೆದ. "ಐದನೇ ನಂಬರಂತೆ, ಐದು! ಮೊಣಕೈ ಹತ್ರ! ಸ್ವಂತ ಸೋದರಮಾವನ ಮಣ್ಣಿಗೆ ಬಂದು ನಾನು ಮೊಣಕೈ ಕಡೆ ನಿಂತ್ಕೋಬೇಕಾ?"

ರೋನಾ ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದನ್ನು ನಿಲ್ಲಿಸಲಿಲ್ಲ. ಬೆಳಗಿನಿಂದ ಹಚ್ಚುತ್ತಲೇ ಇದ್ದಳು. ಮುಂದಿನ ಕೋಣೆಯಲ್ಲಿ ಪರದೆ ಎಳೆದು ಮಂಕಾಗಿದ್ದ ಬೆಳಕಿನಲ್ಲಿ ಅಪ್ಪ ಪೆಟ್ಟಿಗೆಯೊಳಗೆ ಮಲಗಿದ್ದರು. ಪಕ್ಕದ ಕುರ್ಚಿಯಲ್ಲಿ ಅಪ್ಪನ ಅಕ್ಕ, ಡೋಡ್‌ನ ತಾಯಿ ಬೆಲ್ಲಾತ್ತೆ ಕೂತಿದ್ದಳು. ಊರಿನವರು ಇಬ್ಬಿಬ್ಬರಾಗಿ ಬಂದು, ಟೋಪಿ ತೆಗೆದು, ಒಂದು ಗುಟುಕು ವಿಸ್ಕಿ ಕುಡಿದು ಹೋಗುತ್ತಿದ್ದರು.

"ನಾನಲ್ಲ ಬರೆದಿದ್ದು, ಅಪ್ಪ ಹೇಳಿದ್ದು," ಎಂದಳು.

"ಎರಡನೇದು ಯಾರಿಗೆ ಹಾಗಾದ್ರೆ?"

ಪೋರ್ಟ್‌ಲೋಗಿಯಲ್ಲಿ ಪೆಟ್ಟಿಗೆಯನ್ನು ಗುಂಡಿಗೆ ಇಳಿಸುವುದು ಎಂಟು ಹಗ್ಗಗಳಿಂದ. ತಲೆಯ ಕಡೆಯದು ಒಂದನೆಯದು, ಮಗನಿಗೆ ಅಥವಾ ಮಗಳಿಗೆ. ಪಾದದ ಕಡೆಯದು ಎರಡನೆಯದು, ಆಮೇಲಿನ ಹತ್ತಿರದ ರಕ್ತಕ್ಕೆ. ಮಿಕ್ಕಿದ್ದೆಲ್ಲ ಅಕ್ಕಪಕ್ಕದಲ್ಲಿ. ಯಾರು ಎಷ್ಟು ಅತ್ತರು ಎಂದು ಇಲ್ಲಿ ಯಾರೂ ನೋಡುವುದಿಲ್ಲ, ಯಾರ ಕೈಯಲ್ಲಿ ಯಾವ ಹಗ್ಗವಿತ್ತು ಎನ್ನುವುದನ್ನು ಮಾತ್ರ ಇಡೀ ಊರು ನೋಡಿರುತ್ತದೆ. ಆಸ್ತಿಯ ಜಗಳವನ್ನಾದರೂ ಈ ಜನ ಮರೆತಾರು, ತಪ್ಪಿಹೋದ ಹಗ್ಗವನ್ನು ಮೂರು ತಲೆಮಾರು ಮರೆಯುವುದಿಲ್ಲ.

"ಮ್ಯಾಗ್ನಸ್ ರೀಡ್ ಅಂತ. ವಿಕ್‌ನವರು," ಎಂದಳು ರೋನಾ.

"ವಿಕ್? ಆಚೆ ದಡದ ವಿಕ್? ಅವನ್ಯಾರು?"

"ಅಪ್ಪನ ಸ್ನೇಹಿತರು."

"ಸ್ನೇಹಿತ! ಬಾ, ಕೇಳಮ್ಮಾ ಇಲ್ಲಿ!" ಎಂದು ಡೋಡ್ ಮುಂದಿನ ಕೋಣೆಯತ್ತ ಕೂಗಿದ. "ದಾರೀಲಿ ಹೋಗೋನಿಗೆ ಪಾದವಂತೆ, ಸೋದರಳಿಯನಿಗೆ ಮೊಣಕೈಯಂತೆ!"

ಅತ್ತ ಕಡೆಯಿಂದ ಉತ್ತರ ಬರಲಿಲ್ಲ. ತೊಂಬತ್ತು ವರ್ಷದ ಬೆಲ್ಲಾತ್ತೆಗೆ ಬೇಕಾದಾಗ ಕಿವಿ ಕೇಳಿಸುತ್ತಿತ್ತು, ಬೇಡದಾಗ ಇಲ್ಲ. ಈಗ ಕೇಳಿಸದೆ ಇರಲಿ ಎಂದು ರೋನಾ ಮನಸ್ಸಿನಲ್ಲೇ ಬೇಡಿಕೊಂಡಳು. ಅವಳಿಗೆ ಸಾಕಾಗಿತ್ತು. ನಾಲ್ಕು ವರ್ಷ ಅಪ್ಪನನ್ನು ಎತ್ತಿ ಕೂರಿಸಿ, ತೊಳೆದು, ಉಣಿಸಿ, ಅವಳ ಬೆನ್ನಿನಲ್ಲಿ ಬಲವೇ ಉಳಿದಿರಲಿಲ್ಲ. ಇವತ್ತೊಂದು ದಿನ ಯಾರ ಮನಸ್ಸೂ ಮುರಿಯದೆ ಕಳೆದುಹೋದರೆ ಸಾಕು, ನಾಳೆ ಬಾಗಿಲು ಹಾಕಿಕೊಂಡು ಮಲಗಬೇಕು ಎಂದುಕೊಂಡಿದ್ದಳು.

*

ಅಪ್ಪ, ಅಂದರೆ ವಾಟಿ ಮೇರ್, ಬದುಕಿಡೀ ಬಸ್ಸು ಓಡಿಸಿದವರು. ಬಿಡುವಿದ್ದಾಗಲೆಲ್ಲ ತಮ್ಮ ತಾತನನ್ನು ಹುಡುಕುತ್ತಿದ್ದರು.

ತಾತ ಡೇವಿಡ್ ಮೇರ್ ಹೆರಿಂಗ್ ಮೀನಿನ ಬೆನ್ನು ಹತ್ತಿ ದಕ್ಷಿಣಕ್ಕೆ ಹೋದವನು ಬಿರುಗಾಳಿಯಲ್ಲಿ ಮುಳುಗಿದ ಎನ್ನುವುದು ಮನೆಯ ಕತೆ. ಬೆಲ್ಲಾತ್ತೆ ಅದನ್ನು ಹೇಳತೊಡಗಿದರೆ ಅಡುಗೆಮನೆಯಲ್ಲೇ ಅಲೆಗಳೇಳುತ್ತಿದ್ದವು. ಹೊಸವರ್ಷದ ದಿನ ಅವಳು ಬಂದರಿನ ಗೋಡೆಯ ಮೇಲೆ ನಿಂತು ತಾತನ ಹೆಸರಿನಲ್ಲಿ ನೀರಿಗೆ ಹೂವಿನ ಚಕ್ರ ಎಸೆಯುತ್ತಿದ್ದಳು. ಆದರೆ ಮುಳುಗಿದ ದೋಣಿಯ ಹೆಸರು ಎಲ್ಲೂ ಇರಲಿಲ್ಲ. ಸಾವಿನ ದಾಖಲೆ ಇರಲಿಲ್ಲ. ಜನಗಣತಿಯಲ್ಲೂ ಅವನ ಸುಳಿವಿಲ್ಲ. ಅದೇನೂ ಅಚ್ಚರಿಯಲ್ಲ, ಗಣತಿ ಮಾಡುತ್ತಿದ್ದದ್ದು ಒಂದು ಭಾನುವಾರದ ರಾತ್ರಿ ಯಾರು ಯಾವ ಮನೆಯಲ್ಲಿ ಮಲಗಿದ್ದರು ಎಂದು. ಮೀನು ಹಿಡಿಯುವವರು ಆ ರಾತ್ರಿ ಯಾವುದೋ ಊರಿನ ಬಂದರಿನಲ್ಲಿ, ಯಾವುದೋ ದೋಣಿಯಲ್ಲಿ. ಗಣತಿಯನ್ನು ನಂಬಿದರೆ ಪೋರ್ಟ್‌ಲೋಗಿ ಬರೀ ಹೆಂಗಸರೂ ಮಕ್ಕಳೂ ಇದ್ದ ಊರು.

ಹಾಗಾಗಿ ಅಪ್ಪ ಬಂದರಿನಿಂದ ಬಂದರಿಗೆ, ದೋಣಿಯಿಂದ ದೋಣಿಗೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರು. ಶನಿವಾರ ಬೆಳಿಗ್ಗೆ ಬೇಕರಿಯ ಬಿಸಿ ಬೆಣ್ಣೆ ಬನ್ನು ಹಿಡಿದುಕೊಂಡು ಅಕ್ಕನ ಮನೆಗೆ ಹೋಗುತ್ತಿದ್ದರು. "ಅಜ್ಜಿ ಇನ್ನೇನು ಹೇಳ್ತಿದ್ಲು ಅಕ್ಕ? ನೆನಪು ಮಾಡ್ಕೋ." ಹಾಗೆ ಮೂವತ್ತು ವರ್ಷ. ಅಮ್ಮ ಬದುಕಿದ್ದಾಗ, "ಬದುಕಿರೋ ಹೆಂಡ್ತಿಗಿಂತ ಸತ್ತಿರೋ ತಾತ ಹೆಚ್ಚಾಗಿಬಿಟ್ಟ ನಿಮಗೆ," ಎನ್ನುತ್ತಿದ್ದಳು. ಅದು ತಮಾಷೆಯ ಮಾತು, ಆದರೆ ಅದರಲ್ಲಿ ಸುಳ್ಳಿರಲಿಲ್ಲ.

ನೂರು ವರ್ಷ ಮುಚ್ಚಿಟ್ಟಿದ್ದ ಜನಗಣತಿಯನ್ನು ಸರ್ಕಾರ ಎರಡು ವರ್ಷದ ಹಿಂದೆ ತೆರೆದಾಗ ತಾತ ಸಿಕ್ಕಿಬಿಟ್ಟ. ದಕ್ಷಿಣದಲ್ಲಲ್ಲ, ಸಮುದ್ರದ ತಳದಲ್ಲೂ ಅಲ್ಲ. ಎದುರಿನ ದಡದಲ್ಲಿ, ಬಿಸಿಲು ಚೆನ್ನಾಗಿದ್ದ ದಿನ ಇಲ್ಲಿಂದಲೇ ಕಾಣುವ ಗುಡ್ಡಗಳ ಕೆಳಗೆ, ವಿಕ್‌ನಲ್ಲಿ. ಪೀಪಾಯಿ ಮಾಡುವ ಡೇವಿಡ್ ರೀಡ್, ಹುಟ್ಟಿದ್ದು ಪೋರ್ಟ್‌ಲೋಗಿ. ಜೊತೆಗೆ ಹೆಂಡತಿ, ಮೂರು ಮಕ್ಕಳು. ಮೇರ್ ಎನ್ನುವುದನ್ನು ಬಿಟ್ಟು ತನ್ನ ತಾಯಿಯ ಮನೆತನದ ಹೆಸರನ್ನು ಹಾಕಿಕೊಂಡಿದ್ದ. ಹೆಂಡತಿಯನ್ನು ಬಿಟ್ಟ, ಊರು ಬಿಟ್ಟ, ಹೆಸರನ್ನೂ ಬಿಟ್ಟ. ಆದರೆ ಚೊಚ್ಚಲ ಗಂಡುಮಗುವಿಗೆ ತನ್ನ ಅಪ್ಪನ ಹೆಸರಿಡುವ ಪದ್ಧತಿಯನ್ನು ಬಿಡಲು ಅವನ ಕೈಯಲ್ಲಿ ಆಗಲಿಲ್ಲ. ಇಲ್ಲಿ ಬಿಟ್ಟುಹೋದ ಮಗ ಗಿಲ್ಬರ್ಟ್. ಅಲ್ಲಿ ಹುಟ್ಟಿದ ಮೊದಲ ಮಗನೂ ಗಿಲ್ಬರ್ಟ್.

"ಎರಡು ದಡದಲ್ಲಿ ಎರಡು ಗಿಲ್ಬರ್ಟು!" ಎಂದು ಅಪ್ಪ ಆ ದಿನ ಹಾಸಿಗೆಯ ಮೇಲೆ ನಕ್ಕರು. ನಕ್ಕು ಕೆಮ್ಮು ಬಂತು. "ಸಿಕ್ಕಿಹಾಕ್ಕೊಂಡ ನೋಡು ಕಳ್ಳ!" ಆಮೇಲೆ, "ಅಕ್ಕನಿಗೆ ಹೇಳ್ಬೇಡ ಕಣೇ. ಅವಳ ಜೀವ ಆ ಕತೇಲಿದೆ," ಎಂದರು.

ಆಚೆ ದಡದ ಗಿಲ್ಬರ್ಟನ ಮಗ ಮ್ಯಾಗ್ನಸ್. ಅಪ್ಪ ಅವನೊಂದಿಗೆ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಕೊನೆಯ ವಾರದಲ್ಲಿ ರೋನಾಳ ಕೈ ಹಿಡಿದುಕೊಂಡು, "ಎರಡನೇ ಹಗ್ಗ ಅವನಿಗೆ. ಅವನು ನಮ್ಮೋನು. ಮಾತು ಕೊಡು," ಎಂದಿದ್ದರು.

"ಅತ್ತೆ ಕೇಳಿದ್ರೆ?"

"ಅಷ್ಟೊತ್ತಿಗೆ ನಾನಿರಲ್ವಲ್ಲ," ಎಂದು ಅಪ್ಪ ಕಣ್ಣು ಮುಚ್ಚಿದರು. ಸಾಯುವವರಿಗೇನು, ಮಾತು ತೆಗೆದುಕೊಂಡು ಹೊರಟುಬಿಡುತ್ತಾರೆ.

*

ಮ್ಯಾಗ್ನಸ್ ರೀಡ್ ಬಂದಾಗ ಹನ್ನೊಂದು ದಾಟಿತ್ತು. ಎಪ್ಪತ್ತು ದಾಟಿದ ಮನುಷ್ಯ, ಕೊಲ್ಲಿಯನ್ನು ಸುತ್ತುಹಾಕಿ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಂದಿದ್ದ. ಕಪ್ಪು ಟೈ ಕುತ್ತಿಗೆಗೆ ಬಿಗಿಯಾಗಿತ್ತು. ರೋನಾ ಅವನನ್ನು ಒಳಗೆ ಕರೆಯದೆ ಹಿತ್ತಲ ಬಾಗಿಲಲ್ಲೇ ನಿಲ್ಲಿಸಿಕೊಂಡಳು.

"ನಿಮ್ಮನ್ನ ಒಂದು ಕೇಳ್ಬೇಕು," ಎಂದಳು. "ಯಾರಾದ್ರೂ ಕೇಳಿದ್ರೆ ಅಪ್ಪನ ಸ್ನೇಹಿತ ಅಂತ ಹೇಳ್ತೀರಾ? ನಮ್ಮತ್ತೆಗೆ ವಯಸ್ಸಾಗಿದೆ. ಅವರ ತಾತ ಮುಳುಗಿದ್ರು ಅಂತಲೇ ಇಷ್ಟು ವರ್ಷ..."

ನೂರು ವರ್ಷ ಮರೆಯಾಗಿದ್ದವನ ಮೊಮ್ಮಗ, ಇವತ್ತು ಮೊದಲ ಸಲ ನಮ್ಮವನೆಂದು ಕರೆಸಿಕೊಳ್ಳಲು ಬಂದಿದ್ದ. ಮತ್ತೆ ಮರೆಯಲ್ಲೇ ಇರು ಎಂದು ಅವಳು ಹೇಳುತ್ತಿದ್ದಳು. ಅದು ಅವಳಿಗೂ ಗೊತ್ತಿತ್ತು, ನಾಚಿಕೆಯೂ ಆಯಿತು. ಆದರೆ ಆ ನಾಚಿಕೆಯನ್ನು ಹೊರುವಷ್ಟು ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

ಮ್ಯಾಗ್ನಸ್ ಕೋಟಿನ ಜೇಬಿನಿಂದ ಕಾರ್ಡು ತೆಗೆದು ಅವಳಿಗೆ ಕೊಟ್ಟ. "ಹಗ್ಗಾನೂ ಬೇರೆಯವರಿಗೆ ಕೊಡಮ್ಮ. ನಾನು ಹಿಂದೆ ಎಲ್ಲಾದ್ರೂ ನಿಂತ್ಕೊಳ್ತೀನಿ. ವಾಟಿಗೆ ಬೇಜಾರಾಗಲ್ಲ."

"ಆಗತ್ತೆ," ಎಂದಳು ರೋನಾ. ಅಲ್ಲಿಯವರೆಗೆ ಬಾರದಿದ್ದ ಅಳು ಆಗ ಬಂತು.

"ರೋನಾ!" ಮುಂದಿನ ಕೋಣೆಯಿಂದ ಬೆಲ್ಲಾತ್ತೆಯ ಗಂಟಲು. "ಆ ವಿಕ್‌ನವನನ್ನ ಹಿತ್ತಲಲ್ಲಿ ನಿಲ್ಲಿಸ್ಕೊಂಡು ಏನ್ಮಾಡ್ತಿದ್ದೀಯ? ಇಲ್ಲಿ ಕಳ್ಸು. ಬಾಗಿಲು ಹಾಕು."

ಮೂವರೂ ಪೆಟ್ಟಿಗೆಯ ಸುತ್ತ ಕೂತರು. ಹೊರಗೆ ಡೋಡ್ ಯಾರಿಗೋ ತನ್ನ ಮೊಣಕೈಯ ಪುರಾಣ ಹೇಳುತ್ತಿದ್ದ. ಬೆಲ್ಲಾತ್ತೆ ಮ್ಯಾಗ್ನಸ್‌ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿಮ್ಮಪ್ಪನ ಹೆಸರೇನಪ್ಪ?"

ಅವನು ರೋನಾಳ ಮುಖ ನೋಡಿದ. "ಗಿಲ್ಬರ್ಟ್ ಅಂತ."

"ನಮ್ಮಪ್ಪನದೂ ಗಿಲ್ಬರ್ಟೇ," ಎಂದಳು ಅತ್ತೆ. "ನಿಮ್ಮ ತಾತ ಪೀಪಾಯಿ ಮಾಡ್ತಿದ್ರಾ?"

"ಹೌದು."

"ಅಂದ್ಕೊಂಡೆ. ಚೆನ್ನಾಗಿ ಮಾಡಿರ್ತಿದ್ರು. ಒಂದು ಹನಿ ಸೋರ್ತಿರ್ಲಿಲ್ಲ."

ರೋನಾ ಅತ್ತೆಯ ಕಡೆ ತಿರುಗಿದಳು. "ಅತ್ತೆ, ನಿಮಗೆ..."

"ಸುಮ್ನಿರೇ, ಹೇಳ್ತೀನಿ. ಹೊಸವರ್ಷದ ಹೊತ್ತಿಗೆ ವಿಕ್ ಕಡೆ ಹಡಗಲ್ಲಿ ನಮ್ಮಜ್ಜಿ ಹೆಸರಿಗೆ ಒಂದು ಪುಟ್ಟ ಪೀಪಾಯಿ ಬರ್ತಿತ್ತು. ಒಳಗೆ ಉಪ್ಪು ಹಾಕಿದ ಹೆರಿಂಗು. ಹೆರಿಂಗ್ ಹಿಡಿಯೋ ಈ ಊರಿಗೆ, ನೋಡು, ಹೆರಿಂಗು! ಅಜ್ಜಿ ಅದರ ಮುಚ್ಚಳಾನೂ ತೆಗೀತಿರ್ಲಿಲ್ಲ, ಹಾಗೇ ಪಕ್ಕದ ಮನೆಗೆ ಉರುಳಿಸಿಬಿಡ್ತಿದ್ಲು. ಗಂಡ ಮುಳುಗಿದ ಹೆಂಗಸರೆಲ್ಲ ಕಪ್ಪು ಬಟ್ಟೆ ಹಾಕೋರು. ಇವಳು ಹಾಕಿರ್ಲಿಲ್ಲ. ಕೇಳಿದ್ರೆ, ಹೆಣ ಸಿಕ್ಕಿಲ್ವಲ್ಲ ಅನ್ನೋಳು. ವಾಟಿ ಹುಟ್ಟಿದ ವರ್ಷ ಪೀಪಾಯಿ ಬರ್ಲಿಲ್ಲ. ಅಜ್ಜಿ ಒಂದು ತಿಂಗಳು ಕಾದ್ಲು. ದಿನಾ ಬಂದರಿಗೆ ನನ್ನ ಕೈ ಹಿಡ್ಕೊಂಡು ಹೋಗೋಳು. ಆಮೇಲೊಂದು ದಿನ ಅಡಿಯಿಂದ ಮುಡಿಗೂ ಕಪ್ಪು ಹಾಕ್ಕೊಂಡು ಬಂದು ಒಲೆ ಮುಂದೆ ಕೂತ್ಲು. ಯಾಕಜ್ಜಿ ಅಂದೆ. ನಿಮ್ಮ ತಾತ ಸತ್ತ ಅಂದ್ಲು. ಅವನು ಆಗ್ಲೇ ಸತ್ತಿದ್ನಲ್ಲಜ್ಜಿ ಅಂದೆ. ಇಲ್ಲ ಕಣೇ, ಈಗ ಸತ್ತ ಅಂದ್ಲು. ಯಾರಿಗೂ ಹೇಳ್ಬೇಡ ಅಂದ್ಲು."

"ಎರಡನೇ ಮಹಾಯುದ್ಧಕ್ಕೆ ಮುಂಚಿನ ಚಳಿಗಾಲ," ಎಂದ ಮ್ಯಾಗ್ನಸ್ ಮೆಲ್ಲಗೆ. "ತಾತ ತೀರ್ಕೊಂಡಿದ್ದು ಆಗಲೇ. ವರ್ಷಕ್ಕೊಂದು ಪೀಪಾಯಿ ಎತ್ತಿಡ್ತಿದ್ರಂತೆ. ಯಾರಿಗೆ ಅಂತ ನಮ್ಮಜ್ಜಿ ಕೇಳ್ತಿರ್ಲಿಲ್ವಂತೆ."

ರೋನಾಳಿಗೆ ಸಿಟ್ಟು ನೆತ್ತಿಗೇರಿತು. ಮೂವತ್ತು ವರ್ಷ! ಅಪ್ಪನ ರಜೆಗಳು, ಅಮ್ಮನ ಒಂಟಿ ಭಾನುವಾರಗಳು, ಮಸುಕು ಅಕ್ಷರ ನೋಡಿ ನೋಡಿ ಅಪ್ಪ ಕಳೆದುಕೊಂಡ ಕಣ್ಣು.

"ನಿಮಗೆ ಎಲ್ಲಾ ಗೊತ್ತಿತ್ತು! ಅವರು ಶನಿವಾರ ಶನಿವಾರ ಬಂದು ಕೇಳ್ತಿದ್ರಲ್ಲ ಅತ್ತೆ, ಅವರ ಕಿವಿ ಮೇಲೆ ಹೂವಿಟ್ರಿ. ಒಂದು ಮಾತು ಹೇಳಿದ್ರೆ ಮುಗೀತಿತ್ತು!"

"ಅದಕ್ಕೇ ಹೇಳ್ಲಿಲ್ಲ," ಎಂದಳು ಬೆಲ್ಲಾತ್ತೆ. "ಮುಗೀತಿತ್ತು. ಆಮೇಲೆ ಶನಿವಾರ ಯಾಕೆ ಬರ್ತಿದ್ದ? ನನ್ನ ಗಂಡ ಹೋದ, ಡೋಡ್‌ಗೆ ಅವನ ಮೀನಿನ ಲಾರಿ ಆಯ್ತು, ಅವನಾಯ್ತು. ವಾಟಿ ಬನ್ನು ತರ್ತಿದ್ದ. ನಾನೊಂದು ಕತೆ ಕಟ್ಟಿ ಹೇಳ್ತಿದ್ದೆ. ಮುಂದಿನ ವಾರಕ್ಕೆ ಅಷ್ಟಿಷ್ಟು ಉಳಿಸ್ಕೊಳ್ತಿದ್ದೆ."

ಬೆಲ್ಲಾತ್ತೆ ಪೆಟ್ಟಿಗೆಯ ಅಂಚನ್ನು ಬೆರಳಿನಿಂದ ಸವರಿದಳು.

"ಎರಡು ವರ್ಷದಿಂದ ಅವನು ಕೇಳೋದನ್ನೇ ಬಿಟ್ಟಿದ್ದ. ನಾನು ಏನು ಹೇಳಿದ್ರೂ ಹೂಂ ಅನ್ನೋನು. ಬಿರುಗಾಳಿ ಅಂದ್ರೆ ಹೂಂ, ಮುಳುಗಿದ ಅಂದ್ರೆ ಹೂಂ. ಗೊತ್ತಾಗಿಬಿಟ್ಟಿದೆ ಇವನಿಗೆ ಅಂತ ನನಗೆ ಆಗ್ಲೇ ಗೊತ್ತಾಯ್ತು. ಆದ್ರೂ ಬರ್ತಿದ್ದ ಕಣೇ. ನಡೆಯೋಕೆ ಆಗ್ದಿದ್ರೂ ಬರ್ತಿದ್ದ. ನೀನೇ ಗಾಲಿಕುರ್ಚೀಲಿ ಕೂರಿಸ್ಕೊಂಡು ತಳ್ಕೊಂಡು ತರ್ತಿದ್ಯಲ್ಲ."

ಹೌದು, ತಳ್ಳಿಕೊಂಡು ಹೋಗುತ್ತಿದ್ದಳು. ಚಳಿಯಲ್ಲಿ, ಗೊಣಗಿಕೊಂಡು, ಆ ಏರು ದಾರಿಯಲ್ಲಿ. ಈ ಮುದುಕ ಮುದುಕಿಗೆ ಇನ್ನೂ ಏನು ಮಾತು ಉಳಿದಿದೆ ಎಂದು ಶಪಿಸಿಕೊಂಡು. ರೋನಾಳ ಸಿಟ್ಟು ಬಂದ ಹಾಗೆಯೇ ಇಳಿದುಹೋಯಿತು. ಉಳಿದದ್ದು ಹಳೆಯ ದಣಿವು. ಅವಳು ಅತ್ತೆಯ ಕಾಲಿನ ಮೇಲಿಂದ ಜಾರಿದ್ದ ಕಂಬಳಿಯನ್ನು ಸರಿಮಾಡಿದಳು.

"ನನ್ನ ಕೋಟು ಕೊಡು," ಎಂದಳು ಬೆಲ್ಲಾತ್ತೆ. "ನಾನೂ ಬರ್ತೀನಿ."

"ಎಲ್ಲಿಗೆ?"

"ಮಣ್ಣಿಗೆ."

ಬೆಲ್ಲಾತ್ತೆಯ ಕಾಲದ ಹೆಂಗಸರು ಸ್ಮಶಾನಕ್ಕೆ ಹೋಗುವವರಲ್ಲ. ಗಂಡಸರು ಹೊತ್ತುಕೊಂಡು ಹೋದಮೇಲೆ ಮನೆಯಲ್ಲಿ ಕೂತು ಟೀ ಕಾಯಿಸುವವರು. ತನ್ನ ಅಪ್ಪನ ಮಣ್ಣಿಗೂ ಅವಳು ಹೋಗಿರಲಿಲ್ಲ, ಗಂಡನದಕ್ಕೂ ಇಲ್ಲ.

*

ಸ್ಮಶಾನ ಊರ ಮೇಲಿನ ದಿಬ್ಬದಲ್ಲಿದೆ. ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿತ್ತು. ಡೋಡ್ ಅಮ್ಮನ ಗಾಲಿಕುರ್ಚಿಯನ್ನು ಒದ್ದೆ ಹುಲ್ಲಿನ ಮೇಲೆ ಏದುಸಿರು ಬಿಡುತ್ತ ತಳ್ಳಿಕೊಂಡು ಬಂದ. ಶವಸಂಸ್ಕಾರ ನಡೆಸಿಕೊಡುವ ಇನ್ನೆಸ್ ಕಪ್ಪು ಕೈಗವಸು ಹಾಕಿಕೊಂಡು ಒಂದೊಂದೇ ಹೆಸರು ಕರೆದ.

"ಒಂದನೆಯದು, ರೋನಾ ಮೇರ್." ರೋನಾ ತಲೆಯ ಕಡೆಗೆ ಹೋಗಿ ನಿಂತಳು.

"ಎರಡನೆಯದು, ಮ್ಯಾಗ್ನಸ್ ರೀಡ್."

ಊರು ಕತ್ತು ತಿರುಗಿಸಿತು. ಮ್ಯಾಗ್ನಸ್ ಒಂದು ಹೆಜ್ಜೆ ಇಟ್ಟು ನಿಂತ. ಡೋಡ್‌ಗೆ ತಡೆಯಲಾಗಲಿಲ್ಲ. "ಯಾರ್ರೀ ಇವರು? ಎಲ್ಲರಿಗೂ ಗೊತ್ತಾಗ್ಲಿ, ಹೇಳಿ."

"ನಮ್ಮ ತಾತನ ಮೊಮ್ಮಗ," ಎಂದಳು ಬೆಲ್ಲಾತ್ತೆ. ಗಾಳಿಯಲ್ಲೂ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು. "ನಾನು ಹೇಗೋ ಹಾಗೆ. ನಮ್ಮ ತಾತ ಮುಳುಗಲಿಲ್ಲ, ಬಿಟ್ಟುಹೋದ. ಈಗ ಬಾಯಿ ಮುಚ್ಕೊಂಡು ನಿನ್ನ ಮೊಣಕೈ ಹತ್ರ ಹೋಗಿ ನಿಂತ್ಕೋ."

ಯಾರೋ ಕೆಮ್ಮಿದರು. ಪಾದ್ರಿ ತಮ್ಮ ಪುಸ್ತಕದತ್ತ ನೋಡಿಕೊಂಡರು. ಡೋಡ್ ಹೋಗಿ ನಿಂತ.

ಬೆಲ್ಲಾತ್ತೆ ಕುರ್ಚಿಯ ತೋಳು ಹಿಡಿದು ಎದ್ದಳು. ಎದ್ದು, ಪಾದದ ಕಡೆಗೆ ಬಂದು, ಮ್ಯಾಗ್ನಸ್‌ನ ಹಿಂದೆ ಉಳಿದಿದ್ದ ಹಗ್ಗದ ತುದಿಯನ್ನು ಹಿಡಿದುಕೊಂಡಳು. ಇನ್ನೆಸ್ ಬೇಡವೆನ್ನಲು ಬಾಯಿ ತೆರೆದವನು ರೋನಾಳ ಕಡೆ ನೋಡಿದ. ರೋನಾ ಇರಲಿ ಎಂದು ತಲೆಯಾಡಿಸಿದಳು.

ಪೆಟ್ಟಿಗೆ ಇಳಿಯಿತು. ವಾಟಿ ಮೇರ್ ಬದುಕಿದ್ದಾಗ ಕುಗ್ಗಿ ಕುಗ್ಗಿ ಏನೂ ಉಳಿದಿರಲಿಲ್ಲ, ಆದರೂ ಹಗ್ಗ ಅಂಗೈಯನ್ನು ಎಳೆಯಿತು. ತಳ ಮುಟ್ಟಿದ್ದು ಎಲ್ಲರ ಕೈಗೂ ಒಟ್ಟಿಗೆ ತಿಳಿಯಿತು. ಇನ್ನೆಸ್ ತಲೆ ಬಾಗಿಸಿದ. ರೋನಾ ತನ್ನ ಹಗ್ಗವನ್ನು ಗುಂಡಿಯೊಳಕ್ಕೆ ಬಿಟ್ಟಳು. ಡೋಡ್ ಬಿಟ್ಟ. ಮಿಕ್ಕವರೂ ಒಬ್ಬೊಬ್ಬರಾಗಿ ಬಿಟ್ಟು ಹಿಂದೆ ಸರಿದರು.

ಪಾದದ ಕಡೆಯದು ಮಾತ್ರ ಬೀಳಲಿಲ್ಲ. ಬೆಲ್ಲಾತ್ತೆ ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದಳು. ಮ್ಯಾಗ್ನಸ್ ಹಿಂತಿರುಗಿ ನೋಡಲಿಲ್ಲ, ಅವಸರ ಮಾಡಲಿಲ್ಲ. ಅವಳು ಬಿಡುವವರೆಗೆ ತಾನೂ ಬಿಡದೆ, ತುಂತುರು ಮಳೆಯಲ್ಲಿ ನೆನೆಯುತ್ತ ಹಾಗೇ ಹಿಡಿದುಕೊಂಡಿದ್ದ.