ಅಗ್ಗದ ಹೆಡ್‌ಫೋನಿನ ಮಂದ್ರ

ಮಧ್ಯಾಹ್ನದ ಬಿಸಿಲು ಹಿಟ್ಟಿನ ಗಿರಣಿಯ ಕಿಟಕಿಯಿಂದ ಓರೆಯಾಗಿ ಒಳಗೆ ಬಿದ್ದಿತ್ತು. ಹಿಟ್ಟಿನ ದೂಳು ಅದರಲ್ಲಿ ಮೇಲಕ್ಕೂ ಏಳದೆ ಕೆಳಕ್ಕೂ ಇಳಿಯದೆ ತೇಲುತ್ತಿತ್ತು. ಗಿರಣಿಯಾತ ಕಾಳು ಬೀಸುತ್ತಿದ್ದ ಕಲ್ಲಿನ ಪಕ್ಕದ ಮಣೆಯ ಮೇಲೆ ಕೂತು, ಮಗಳು ಕೊಂಡು ತಂದ ಹೆಡ್‌ಫೋನನ್ನು ತಿರುಗಿಸಿ ತಿರುಗಿಸಿ ನೋಡಿದ. ವೈರಿಲ್ಲ. ಕಿವಿಯನ್ನು ಪೂರಾ ಮುಚ್ಚುವ ಎರಡು ಮೆತ್ತನೆಯ ಬಟ್ಟಲು, ಅಷ್ಟೆ.

"ಇದನ್ನ ಹಾಕ್ಕೊಂಡು ಗಿರಣಿ ನಡೆಸ್ತೀಯಾ? ಕಲ್ಲಿನ ಮಾತು ಯಾರು ಕೇಳ್ತಾರೆ, ನಿಮ್ಮಜ್ಜನಾ?" ಎಂದು ಗದ್ದಲದ ಮೇಲೆ ದನಿಯೇರಿಸಿದ.

"ನಡೆಸೋಕೆ ನೀನೆಲ್ಲಿ ಬಿಟ್ಟಿದ್ದೀಯಪ್ಪ? ಚಕ್ರದ ಹತ್ರ ನನ್ನ ಕೈ ಹೋದ್ರೆ ಹಾವು ತುಳಿದವನ ಹಾಗೆ ಹಾರ್ತೀಯ."

ಎರಡು ಕಲ್ಲುಗಳ ನಡುವಿನ ಸಂದನ್ನು ಹಿಗ್ಗಿಸಿ ಕುಗ್ಗಿಸುವ ಆ ಕೈಚಕ್ರವೇ ಗಿರಣಿಯ ಯಜಮಾನಿಕೆ. ಅದನ್ನು ತನ್ನ ಕೈಗೆ ಕೊಡೆಂದು ಮಗಳು ಕೇಳುತ್ತಲೇ ಬಂದಿದ್ದಳು. ಕಾಳು ತೀರುತ್ತ ಬಂದಾಗ ಕಲ್ಲಿನ ದನಿ ಬದಲಾಗುವುದು ಕಿವಿಗೆ ತಾನಾಗಿ ತಿಳಿಯಬೇಕು, ಅಲ್ಲಿಯವರೆಗೆ ಮುಟ್ಟುವಂತಿಲ್ಲ ಎಂಬುದು ಆತನ ಕಟ್ಟಳೆ. "ನಿನ್ನ ಕಿವಿ ಇನ್ನೂ ಹಸಿ" ಎನ್ನುತ್ತಿದ್ದ.

ಗೋಧಿ ಚೀಲ ಇಟ್ಟುಕೊಂಡು ಕಾಯುತ್ತಿದ್ದ ದರ್ಜಿಯಮ್ಮ ನಡುವೆ ಬಾಯಿ ಹಾಕಿದಳು. "ಹಾಕ್ಕೊಂಡು ನೋಡಣ್ಣ. ನನ್ನ ತಮ್ಮನ ಹತ್ರ ಇದರ ನಾಲ್ಕು ಪಟ್ಟು ಬೆಲೆಯದಿದೆ. ಅವನ ಮುಖದಲ್ಲಿ ನಾಲ್ಕು ಪಟ್ಟು ಸುಖವೇನೂ ಕಾಣಲ್ಲ."

ಆತ ಹಾಕಿಕೊಂಡ. ಮಗಳು ಫೋನಿನಲ್ಲಿ ಒಂದು ಹಾಡು ಹಚ್ಚಿದಳು. ಸ್ವಲ್ಪ ಹೊತ್ತು ಕೇಳಿ, ಹಿಟ್ಟು ಪರೀಕ್ಷಿಸುವವನಂತೆ ಹೆಬ್ಬೆರಳನ್ನೂ ತೋರುಬೆರಳನ್ನೂ ಉಜ್ಜಿಕೊಂಡ.

"ಮೇಲಿನ ಸ್ವರ ತರಿ ತರಿ! ಗಂಟಲು ಮಾತ್ರ ನುಣ್ಣಗೆ ಬಂದಿದೆ! ಕೊಟ್ಟ ದುಡ್ಡಿಗೆ ಮೋಸ ಇಲ್ಲ!"

"ಕಿವಿ ಮುಚ್ಚಿರೋದು ನಿಂದು, ನಮ್ದಲ್ಲ," ಎಂದು ದರ್ಜಿಯಮ್ಮ ನಗುತ್ತ, ಚೀಲ ತೂಗಿಸಲು ಮಗಳ ಜೊತೆ ಜಗಲಿಗೆ ಹೋದಳು.

ಆತ ಕಣ್ಣು ಮುಚ್ಚಿದ. ಗಿರಣಿಯ ಸದ್ದು ಹೊಳೆಯಾಚೆಗೆ ಸರಿಯಿತು. ಹಾಡುವವಳು ಹೊರಗೆಲ್ಲೂ ಇರಲಿಲ್ಲ. ತಲೆಯೊಳಗೇ ಒಂದು ಕೋಣೆ ಮಾಡಿಕೊಂಡು ಕೂತಿದ್ದಳು. ಕಣ್ಣು ಅರೆ ತೆರೆದರೆ ದೂಳಿನ ಕಣಗಳು ಅವಳ ಉಸಿರಿಗೆ ತಕ್ಕಂತೆ ಹೊರಳುತ್ತಿದ್ದವು. ಗೋಡೆಗೊರಗಿದ ಚೀಲಗಳು ಮೆಲುಕು ಹಾಕುತ್ತ ಮಲಗಿದ ದನಗಳಾದವು. ಅವುಗಳ ಬೆನ್ನ ಮೇಲೆ ಬಿಸಿಲು ಕೈಯಾಡಿಸುತ್ತಿತ್ತು. ಅಷ್ಟರಲ್ಲಿ ಹಾಡಿನ ತಳದಲ್ಲಿ ಯಾರೋ ದಪ್ಪ ತಂತಿಯೊಂದನ್ನು ಮೀಟಿದರು. ಝುಂ ಎಂದು ಅದು ಮಣೆಯಿಂದ ಬೆನ್ನುಹುರಿಗೆ ಏರಿತು. ಆಹಾ, ಇಷ್ಟು ಅಗ್ಗದ್ದರಲ್ಲಿ ಇಂಥ ಮಂದ್ರವೇ, ಎಂದು ಆತ ತಲೆದೂಗಿದ.

ತಲೆದೂಗುತ್ತಿರುವಾಗಲೇ ಮಗಳು ಓಡಿ ಬಂದಳು. ಚಕ್ರವನ್ನು ಎರಡೂ ಕೈಯಿಂದ ಹಿಡಿದು ಸಡಿಲಿಸಿದಳು, ಮೋಟಾರು ಆರಿಸಿದಳು. ದಪ್ಪ ತಂತಿ ನಿಂತಿತು; ಹಾಡು ಮಾತ್ರ ನಡೆದಿತ್ತು. ಗಿರಣಿಯಾತ ಹೆಡ್‌ಫೋನು ಕಿತ್ತ. ಸುಟ್ಟ ಕಲ್ಲಿನ ವಾಸನೆ ಮೂಗಿಗೆ ಬಡಿಯಿತು. ಮೇಲಿನ ತೊಟ್ಟಿಯಲ್ಲಿ ಒಂದು ಕಾಳೂ ಇರಲಿಲ್ಲ.

"ನಾನು ಹಾಡಿನದು ಅಂದ್ಕೊಂಡೆ," ಎಂದ.

"ಬರೀ ಕಲ್ಲು ಉಜ್ಜುತ್ತಿತ್ತಪ್ಪ."

"ಜಗಲಿಗೆ ಕೇಳಿಸ್ತಾ?"

"ಕೇಳಿಸಿದ್ದಕ್ಕೇ ತಕ್ಕಡಿ ಎಸೆದು ಬಂದೆ. ದರ್ಜಿಯಮ್ಮನ ಕಾಲು ಸ್ವಲ್ಪದರಲ್ಲಿ ಉಳೀತು."

ಆತ ಕಲ್ಲಿನ ಮೈಗೆ ಅಂಗೈಯಿಟ್ಟು ಬಿಸಿ ನೋಡಿದ. ಅಂಥ ಹಾನಿಯೇನೂ ಆಗಿರಲಿಲ್ಲ, ಆದರೆ ಕೈ ತೆಗೆಯಲು ಹೊತ್ತು ಹಿಡಿಯಿತು.

"ಆರಲಿ. ಆಮೇಲೆ ಆ ಗೋಧಿ ಬೀಸು. ಕಲ್ಲುಪುಡಿ ಇರುತ್ತೆ, ಮೊದಲ ಹಿಡಿ ಹಿಟ್ಟು ಚೆಲ್ಲು," ಎಂದ. "ಚಕ್ರ ನೀನೇ ಬಿಗಿ ಮಾಡ್ಕೋ."

ಮಗಳು ಸೆರಗಿಗೆ ಕೈ ಒರೆಸಿಕೊಂಡಳು.

ಜಗಲಿಯಲ್ಲಿ ದರ್ಜಿಯಮ್ಮನ ಪಕ್ಕ ಆತ ಕೂತ. ತುಸು ಹೊತ್ತಿಗೆ ಒಳಗೆ ಕಲ್ಲು ತಿರುಗತೊಡಗಿತು. ದನಿ ಒಂದೆಳೆ ಬಿಗಿಯೆನಿಸಿತು. ಆತನ ಬಲಗೈ ಗಾಳಿಯಲ್ಲೇ ಏನನ್ನೋ ತಿರುಗಿಸಿತು.

"ಏನಣ್ಣ, ಹಾಡಿನ್ನೂ ಮುಗಿದಿಲ್ವಾ?"

ಆತ ಕೈಯನ್ನು ತೊಡೆಯಡಿ ಒತ್ತಿಕೊಂಡು ಕಾದ. ಒಳಗಿನ ದನಿ ಕೂದಲೆಳೆಯಷ್ಟು ಸಡಿಲಿ, ಸರಿಯಾದ ಹದದಲ್ಲಿ ನೆಲೆಯಾಯಿತು.