ಮೇಲಿನ ಎರಡು ಮಹಡಿ

ನಾನು ಒಂದು ಕಟ್ಟಡದ ಮಾದರಿ. ರಟ್ಟು, ಅಂಟು, ತೆಳು ಪ್ಲಾಸ್ಟಿಕ್ ಹಾಳೆಗಳಿಂದ ಹುಬ್ಬಳ್ಳಿಯ ಒಂದು ಆಫೀಸಿನ ಮೇಜಿನ ಮೇಲೆ ಹುಟ್ಟಿದೆ. ನನ್ನನ್ನು ಮಾಡಿದವಳು ವೈಜಯಂತಿ. ಬಿಲ್ಡರ್ ಗುರುಪಾದಪ್ಪನವರ ಬಳಿ ನಕ್ಷೆ ಬರೆಯುವ ಕೆಲಸ ಅವಳದು.

ಬಡವರು ಸಾಲುಮನೆಗಳಲ್ಲಿ ಬಾಡಿಗೆಗಿದ್ದ ಹಳೆಯ ಚಾಳೊಂದನ್ನು ಕೆಡವಿ ಏಳು ಮಹಡಿ ಎಬ್ಬಿಸಬೇಕೆಂಬುದು ಗುರುಪಾದಪ್ಪನವರ ಆಸೆ. ಆ ರಸ್ತೆಯಲ್ಲಿ ಐದಕ್ಕೇ ಪರವಾನಗಿ. ಆದರೆ ಕೆಳಮಹಡಿಯನ್ನು ಬಡವರಿಗೆ ಕಡಿಮೆ ಬಾಡಿಗೆಗೆ ಬಿಟ್ಟರೆ, ಮೇಲೆ ಎರಡು ಮಹಡಿ ಹೆಚ್ಚಿಗೆ ಕಟ್ಟಿಕೊಳ್ಳಬಹುದೆಂದು ನಿಯಮವಿತ್ತು. ವೈಜಯಂತಿ ನನ್ನ ಕೆಳಮಹಡಿಯಲ್ಲಿ ಚಾಳಿನವರಿಗೆಂದು ಪುಟ್ಟ ಪುಟ್ಟ ಮನೆಗಳನ್ನು ಮಾಡಿ, ಬಟ್ಟೆ ಒಣಹಾಕಲು ದಾರವನ್ನೂ ಕಟ್ಟಿದಳು.

ಚಾಳಿನವರನ್ನು ಒಪ್ಪಿಸಲು ನನ್ನನ್ನು ಅಲ್ಲಿಗೆ ಒಯ್ದರು. ಚಾಳಿನಲ್ಲೇ ಇದ್ದುಕೊಂಡು ಪಕ್ಕದ ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದ ಫಕೀರವ್ವ ಬಗ್ಗಿ ನನ್ನೊಳಗೆ ನೋಡಿದಳು.

“ಒಲಿ ಎಲ್ಲಿ ಇಡೂದ್ರಿ ಅಕ್ಕಾರ?”

“ಈ ಕಿಡಕಿ ಹಂತೇಕ ಇಡಬೇ ಯವ್ವಾ. ಹೊಗಿ ಹೊರಗ ಹೋಗತೈತಿ,” ಎಂದಳು ವೈಜಯಂತಿ.

“ಹಂಗಾರ ಸಹಿ ಮಾಡ್ತೇನಿ. ಖಾನಾವಳಿ ಬಿಟ್ಟು ನಾ ಎಲ್ಲಿ ಹೋಗ್ಲಿ?”

ಒಪ್ಪಿಗೆ ಸಿಕ್ಕಿತು, ಚಾಳು ಬಿತ್ತು, ಏಳೂ ಮಹಡಿ ಎದ್ದವು. ಆಗ ಗುರುಪಾದಪ್ಪನವರು ಇನ್ನೊಂದು ಆದೇಶ ಮಾಡಿಸಿಕೊಂಡು ಬಂದರು. ಬಡವರ ಮನೆಗಳನ್ನು ಊರಾಚೆ ಕಟ್ಟಿಕೊಟ್ಟರೂ ನಡೆಯುತ್ತದಂತೆ.

“ಕೆಳಗ ಶೋರೂಮ್ ಬರ್ತೈತಿ. ಮಾಡೆಲ್ ಬದಲಿ ಮಾಡವಾ ತಂಗಿ.”

“ಅವ್ರಿಗೆ ಮಾತ ಕೊಟ್ಟೇವಲ್ರೀ ಸರ್?”

“ಮನಿ ಕೊಡಾಕತ್ತೀವಲ್ಲ. ಎಲ್ಲಾದ್ರೇನು?”

ವೈಜಯಂತಿ ಚಾಕು ಕೈಗೆತ್ತಿಕೊಂಡಳು. ಮನೆಗಳನ್ನು ಒಂದೊಂದಾಗಿ ಬಿಡಿಸಿ, ಗಾಜಿನಂಥ ಹಾಳೆ ಅಂಟಿಸಿದಳು. ಮೇಲಿನ ಎರಡು ಮಹಡಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಬೀಗದ ಕೈ ಕೇಳಲು ಆಫೀಸಿಗೆ ಬಂದ ಫಕೀರವ್ವನಿಗೆ ನನ್ನನ್ನು ನೋಡುತ್ತಲೇ ಎಲ್ಲ ತಿಳಿಯಿತು. ಅವಳು ಕೂಗಾಡಲಿಲ್ಲ.

“ಅಷ್ಟು ದೂರದಿಂದ ಬಿಸಿ ರೊಟ್ಟಿ ಹೆಂಗ ತರ್ಲಿ ಅಕ್ಕಾರ?”



ಊರಾಚೆಯ ಮನೆ ಫಕೀರವ್ವನಿಗೆ ಸಿಕ್ಕಿತು. ಗಟ್ಟಿ ಮನೆಯೇ ಅಂತೆ. ಖಾನಾವಳಿಯವರು ರೊಟ್ಟಿಗೆ ಬೇರೆಯವಳನ್ನು ಹಚ್ಚಿಕೊಂಡರು. ಕೆಲವೇ ತಿಂಗಳಲ್ಲಿ ವೈಜಯಂತಿಯೂ ಆ ಆಫೀಸು ಬಿಟ್ಟಳು.

ಎಲ್ಲ ಫ್ಲಾಟುಗಳೂ ಮಾರಾಟವಾದ ಮೇಲೆ ನನ್ನನ್ನು ಅದೇ ಕಟ್ಟಡದ ನೆಲಮಾಳಿಗೆಗೆ ಹಾಕಿದರು. ಖಾಲಿ ಬಣ್ಣದ ಡಬ್ಬಿಗಳ ನಡುವೆ ನನ್ನ ಅಂಟು ಸಡಿಲವಾಗುತ್ತಿದೆ. ಮೇಲಿನ ಮಹಡಿಯವರು ಕಾರು ನಿಲ್ಲಿಸಿ, ಮಕ್ಕಳನ್ನು ಎತ್ತಿಕೊಂಡು, ನನ್ನ ಪಕ್ಕದಲ್ಲೇ ಲಿಫ್ಟಿಗೆ ಹೋಗುತ್ತಾರೆ. ಒಳ್ಳೆಯ ಜನ. ತಮ್ಮ ಮನೆ ಯಾರ ಹೆಸರು ಹೇಳಿ ಎದ್ದಿತೆಂದು ಅವರಿಗೆ ಗೊತ್ತಿಲ್ಲ.

ಮನೆ ತೋರಿಸುವುದಷ್ಟೇ ನನ್ನ ಕೆಲಸವಾಗಿತ್ತು. ಕೊಡುವುದು, ಬಿಡುವುದು ನನ್ನ ಕೈಯಲ್ಲಿರಲಿಲ್ಲ. ಆದರೂ ಫಕೀರವ್ವ ಅಂದು ನಂಬಿದ್ದು ಗುರುಪಾದಪ್ಪನವರ ಮಾತನ್ನಲ್ಲ, ನನ್ನನ್ನು.